ಹನಿರಾಯನ ಒಂದೇ ಗೆರೆ

ಅಷ್ಟೂ ಅನಾಹುತಕ್ಕೆ ಮೂಲ ಒಂದು ಚಮಚದ ಸದ್ದು. ಟಿಣ್ ಟಿಣ್ ಟಿಣ್ ಎಂದು ಮೂರೇ ಮೂರು ಸಲ. ಬೇರೆ ಯಾರ ಕಿವಿಗೂ ಅದು ಬೀಳುತ್ತಿರಲಿಲ್ಲ. ಆದರೆ ಹನಿರಾಯನ ಕಿವಿ ಸಾಮಾನ್ಯದ್ದಲ್ಲ. ಹದಿನಾಲ್ಕು ವರ್ಷ ಗಾಜಿನ ಕಂಬದ ಕೆಳಗೆ ಕೂತು ಹನಿ ಬೀಳುವುದನ್ನೇ ಕೇಳಿದ ಕಿವಿ ಅದು. ಪಕ್ಕದ ಕಟ್ಟಡದಲ್ಲಿ ನಲ್ಲಿ ಸೋರಿದರೆ ನಿಮಿಷಕ್ಕೆ ಎಷ್ಟು ಹನಿ ಎಂದು ಇಲ್ಲಿಂದಲೇ ಹೇಳಿಬಿಡುತ್ತಿದ್ದ. ನಾನೇ ಒಮ್ಮೆ ಹೋಗಿ ಎಣಿಸಿ ನೋಡಿದೆ. ಒಂದು ಹನಿ ವ್ಯತ್ಯಾಸ ಬಂತು. ಇನ್ನೊಮ್ಮೆ ಎಣಿಸಿದರೆ ತಪ್ಪು ನನ್ನದೇ.

ಹನಿರಾಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಪ್ರಯೋಗಾಲಯದವರು ಇಟ್ಟದ್ದು. ಅವನ ಕೆಲಸ ಪ್ರೋಟೀನ್ ಶುದ್ಧ ಮಾಡುವುದು. ದೊಡ್ಡ ತೊಟ್ಟಿಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಯಂತ್ರಕ್ಕೆ ಕೊಟ್ಟು ಒಡೆದರೆ ಸಾವಿರಾರು ಬಗೆಯ ಪ್ರೋಟೀನು ಕಲಸಿದ ಬಗ್ಗಡ ಸಿಗುತ್ತದೆ. ಬೇಕಾದದ್ದು ಅದರಲ್ಲಿ ಒಂದೇ ಒಂದು. ಬಗ್ಗಡವನ್ನು ಸಣ್ಣ ಮಣಿ ತುಂಬಿದ ಗಾಜಿನ ಕಂಬದ ಮೇಲೆ, ಅಂದರೆ ಕಾಲಂ ಮೇಲೆ ಸುರಿಯಬೇಕು. ಕೆಲವು ಪ್ರೋಟೀನು ನಿಲ್ಲದೆ ಕೆಳಗೆ ಹರಿದುಹೋಗುತ್ತವೆ, ಕೆಲವು ಮಣಿಗೆ ಅಂಟಿಕೊಳ್ಳುತ್ತವೆ. ಅಂಟಿಕೊಂಡವು ಮದುವೆಗೆ ಬಂದು ಉಳಿದುಬಿಟ್ಟ ನೆಂಟರ ಜಾತಿ. ಅವನ್ನು ಎಬ್ಬಿಸಲು ಉಪ್ಪುನೀರು ಬಿಡಬೇಕು. ಉಪ್ಪು ಏರಿದಂತೆ ಒಂದೊಂದಾಗಿ ಹಿಡಿತ ಬಿಟ್ಟು, ಹನಿಹನಿಯಾಗಿ ಕೆಳಗಿನ ನಳಿಕೆಗಳಿಗೆ ಇಳಿಯುತ್ತವೆ. ಈ ಕೆಲಸದಲ್ಲಿ ಹನಿರಾಯನನ್ನು ಮೀರಿಸುವವನು ಭೂಮಿಯ ಮೇಲೆ ಇರಲಿಲ್ಲ.

ಮೂರು ವರ್ಷದ ಹಿಂದಿನವರೆಗೆ ಇರಲಿಲ್ಲ. ಆಮೇಲೆ ಷಡ್ಡಕ ಬಂದ.

ಷಡ್ಡಕನೆಂದರೆ ಹನಿರಾಯನ ಹೆಂಡತಿಯ ಖಾಸಾ ತಂಗಿಯ ಗಂಡ. ಅವನನ್ನು ಕೈಹಿಡಿದು ಕರೆತಂದು ಕೆಲಸಕ್ಕೆ ಸೇರಿಸಿದವನು ಹನಿರಾಯನೇ. ಆ ಕೈಯನ್ನು ಅವನು ಈಗಲೂ ದಿನಕ್ಕೆ ನಾಲ್ಕು ಸಲ ಶಪಿಸುತ್ತಿದ್ದ. ಷಡ್ಡಕನ ಕೋಟಿನ ಮೇಲೆ ಕಲೆ ಇರುತ್ತಿರಲಿಲ್ಲ. ಅವನ ಅಕ್ಷರ ಮುದ್ರಿಸಿದಂತೆ ಇರುತ್ತಿತ್ತು. ಅವನ ಭುಜ ಮಾತ್ರ ವರ್ಷ ವರ್ಷಕ್ಕೆ ಅಗಲವಾಗಿ, ಬಾಗಿಲಲ್ಲಿ ಅವನು ಬಂದರೆ ಎದುರಿನವರು ಗೋಡೆಗೆ ಒರಗಬೇಕಾಗುತ್ತಿತ್ತು. ಅದೂ ಹೋಗಲಿ ಎನ್ನಿ. ಅವನ ಕಾಲಂನಿಂದ ಬೀಳುವ ಹನಿ ಕೂಡ ತನ್ನ ಹನಿಗಿಂತ ದುಂಡಗಿದೆ ಎಂದು ಹನಿರಾಯನಿಗೆ ಅನಿಸತೊಡಗಿದಾಗಲೇ ಅವನ ನಿದ್ದೆ ಕೆಟ್ಟದ್ದು.

ಇಂಥ ಹೊತ್ತಿನಲ್ಲಿ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಬೆಂಕಿಗೆ ಎಣ್ಣೆ ಹೊಯ್ದರು. ಪಕ್ಕದ ಕೋಣೆಗೆ ಹೊಸ ಕಾಲಂ ಬಂದಿತ್ತು. ಎರಡಾಳು ಎತ್ತರ, ಮೂರು ಜನ ಕೈಕೈ ಹಿಡಿದರೂ ತಬ್ಬಲಾಗದಷ್ಟು ದಪ್ಪ. ಅದರ ಉಸ್ತುವಾರಿ ಯಾರಿಗೆ ಸಿಗುತ್ತದೋ ಅವರಿಗೆ ಆ ಕೋಣೆಯ ಬೀಗದ ಕೈ, ಜೊತೆಗೆ ತಿರುಗುವ, ಉರುಳುವ, ತೋಳಿರುವ ಕುರ್ಚಿ. ಹದಿನಾಲ್ಕು ವರ್ಷದಿಂದ ಹನಿರಾಯ ಕೂರುತ್ತಿದ್ದುದು ಮೂರು ಕಾಲಿನ ಸ್ಟೂಲಿನ ಮೇಲೆ. ಅದರಲ್ಲೂ ಒಂದು ಕಾಲು ಗಿಡ್ಡ.

"ನಲವತ್ತು ಲೀಟರ್ ಬಗ್ಗಡ ಇದೆ. ಅರ್ಧ ನಿಮಗೆ, ಅರ್ಧ ಇವರಿಗೆ," ಎಂದಿದ್ದರು ಮೇಡಂ. "ನಾಳೆ ಸಂಜೆ ಐದಕ್ಕೆ ಜೆಲ್ ಪರೀಕ್ಷೆ ಮಾಡಿ ನೋಡೋಣ. ಯಾರದ್ದು ಹೆಚ್ಚು, ಯಾರದ್ದು ಚೊಕ್ಕ, ಅವರಿಗೆ ಬೀಗದ ಕೈ."

ಮರುದಿನ ಬೆಳಿಗ್ಗೆ ಹನಿರಾಯ ಚಪ್ಪಲಿ ಮೆಟ್ಟುವಾಗ ಹೆಂಡತಿ ಬಾಗಿಲಿಗೇ ಬಂದು ನಿಂತಳು.

"ರೀ, ನಿನ್ನೆ ತಂಗಿ ಫೋನ್ ಮಾಡಿದ್ಲು. 'ಅಕ್ಕಾ, ಆ ಕುರ್ಚಿಗೆ ಚಕ್ರ ಇದೆಯಂತೆ ಕಣೇ' ಅಂದ್ಲು. ಇನ್ನೂ ಸಿಕ್ಕೇ ಇಲ್ಲ, ಆಗ್ಲೇ ಅವಳ ದನಿಗೂ ಚಕ್ರ ಬಂದಿದೆ!"

"ಸಿಕ್ಕಿದಾಗ ನೋಡೋಣ ಬಿಡೇ."

"ಏನ್ ನೋಡೋದು? ನೀವು ಸೋತ್ರೆ ನಾನು ಇನ್ಮೇಲೆ ಅವಳ ಮನೆ ಮೆಟ್ಟಿಲು ಹತ್ತಲ್ಲ. ನನ್ನ ತವರಿನ ಸಂಬಂಧ ಈಗ ನಿಮ್ಮ ಕಾಲಂ ಮೇಲಿದೆ, ಗೊತ್ತಿರ್ಲಿ."

ಹೀಗೆ ಒಂದು ತವರುಮನೆಯನ್ನು ತಲೆಯ ಮೇಲೆ ಹೊತ್ತುಕೊಂಡು ಬಂದವನ ಕಿವಿಗೆ ಬಿತ್ತು, ಟಿಣ್ ಟಿಣ್ ಟಿಣ್.

ಹನಿರಾಯ ಯಂತ್ರದ ಮರೆಯಿಂದ ಇಣುಕಿದ. ಷಡ್ಡಕ ತನ್ನ ಡ್ರಾಯರಿನಿಂದ ಒಂದು ಬಿಳಿ ಡಬ್ಬ ತೆಗೆದಿದ್ದ. ಅದರ ಲೇಬಲನ್ನು ಉಗುರಲ್ಲಿ ಕೆರೆದು ಕಿತ್ತುಹಾಕಿತ್ತು. ಮೂರು ಚಮಚ ಬಿಳಿ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಲೋಟ ಹಿಡಿದು, ತನ್ನ ಬಗ್ಗಡದ ಬಕೆಟ್ಟು ಇಟ್ಟಿದ್ದ ಬೀರುವಿನ ಹಿಂದಕ್ಕೆ ಸರಿದ. ಅರ್ಧ ನಿಮಿಷ ಬಿಟ್ಟು ಖಾಲಿ ಲೋಟದೊಂದಿಗೆ, ಕೈಯ ಹಿಂಭಾಗದಿಂದ ಬಾಯಿ ಒರೆಸಿಕೊಳ್ಳುತ್ತ ಹೊರಬಂದ.

'ನಗು ಮುಚ್ಚಿಕೊಳ್ತಿದಾನೆ ಕಳ್ಳ! ಬಗ್ಗಡಕ್ಕೆ ಏನೋ ಹಾಕಿದ,' ಎಂದುಕೊಂಡ ಹನಿರಾಯ. ಹೊಟ್ಟೆಯಲ್ಲಿ ಹೊತ್ತಿಕೊಂಡ ಕಿಚ್ಚಿಗೆ ಅವನ ಕೋಟಿನ ಗುಂಡಿಗಳು ಬಿಸಿಯಾದವು. ನಂಬದಿದ್ದರೆ ಬಿಡಿ.

ನೇರ ಸ್ಟೋರಿಗೆ ನಡೆದ. ಸ್ಟೋರಿನವರೆಂದರೆ ಕೇಳಿದ ಸಾಮಾನು ಕೊಡಲು ಮೂರು ದಿನ, ಕೇಳದ ಸುದ್ದಿ ಕೊಡಲು ಮೂರು ಕ್ಷಣ ತೆಗೆದುಕೊಳ್ಳುವವರು.

"ನಮ್ಮ ಷಡ್ಡಕ ಏನಾದ್ರೂ ಬಿಳೀ ಪುಡಿ ತಗೊಂಡ್ನಾ ಸಾರ್, ನಿಮ್ಮ ಹತ್ರ?"

"ನನ್ನ ಹತ್ರ ಇಲ್ಲಪ್ಪ." ಸ್ಟೋರಿನವರು ಕನ್ನಡಕ ಹಣೆಗೇರಿಸಿದರು. "ಯಾಕೆ? ಯಾವ ಪುಡಿ? ಲೇಬಲ್ ಏನಿತ್ತು?"

"ಲೇಬಲ್ ಕಿತ್ತಿದಾನೆ."

"ಕಿತ್ತಿದಾನಾ!" ಸ್ಟೋರಿನವರು ಕುರ್ಚಿಯನ್ನೇ ಮುಂದಕ್ಕೆಳೆದರು. "ಹಾಗಾದ್ರೆ ಸಣ್ಣ ಪದಾರ್ಥ ಅಲ್ಲ ಬಿಡಿ ಅದು. ಹೊರಗಿಂದ ತರಿಸಿದಾನೆ. ನಾನು ಅವತ್ತೇ ಅಂದ್ಕೊಂಡೆ, ಇವನ ಕೈಲಿ ಅಷ್ಟು ಚೊಕ್ಕ ಪ್ರೋಟೀನು ಹೇಗಪ್ಪಾ ಬರುತ್ತೆ, ನಿಮ್ಮಂಥ ಹಿರೀಕರ ಕೈಲೇ ಬರಲ್ಲ ಅಂತ."

"ಬರಲ್ಲ ಅಂತ ಯಾರಂದ್ರು?"

"ಎಲ್ರೂ ಅಂತಾರೆ. ನಾನು ಅನ್ನಲ್ಲ."

ಸ್ಟೋರಿನಿಂದ ಹೊರಬಂದ ಹನಿರಾಯ ಮನುಷ್ಯನಾಗಿರಲಿಲ್ಲ, ಕುದಿಯುವ ಪಾತ್ರೆಯಾಗಿದ್ದ. ಅಷ್ಟರಲ್ಲಿ ಷಡ್ಡಕ ಫೋನ್ ಹಿಡಿದು ಹೊರಗಿನ ಮೊಗಸಾಲೆಗೆ ಹೋದ. ಹನಿರಾಯ ಡ್ರಾಯರು ಎಳೆದ, ಡಬ್ಬ ತೆಗೆದ, ಕೋಟಿನೊಳಗೆ ತೂರಿಸಿದ.

ತನ್ನ ಬಕೆಟ್ಟಿನ ಮುಂದೆ ನಿಂತು ಮೂರು ಚಮಚ ಹಾಕಿದ. ಆಮೇಲೆ ಯೋಚನೆ ಬಂತು, ಕಿರಿಯವನೇ ಮೂರು ಹಾಕಿರುವಾಗ ಹಿರಿಯವನು ಆರಾದರೂ ಹಾಕಬೇಡವೇ? ಆರು ಹಾಕಿದ. ಆರು ಹಾಕಿದರೆ ಎರಡರಷ್ಟು ಮಾತ್ರ ಗೆದ್ದಂತಾಗುತ್ತದೆ, ಷಡ್ಡಕನ ಹೆಂಡತಿಯ ಬಾಯಿ ಮುಚ್ಚಲು ಅದು ಸಾಲದು. ಡಬ್ಬವನ್ನೇ ಬೋರಲು ಹಾಕಿ ತಳ ತಟ್ಟಿದ. ಕಲಕುವ ಯಂತ್ರ ಚಾಲೂ ಮಾಡಿದ.

ಮೊದಲು ಒಂದು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಬಕೆಟ್ಟಿನಿಂದ ನೊರೆ ಎದ್ದಿತು ನೋಡಿ! ಮೋಡದಂಥ, ಹತ್ತಿಯ ಮೂಟೆಯಂಥ ನೊರೆ. ಬಕೆಟ್ಟಿನ ಅಂಚು ದಾಟಿ, ಮೇಜು ಹತ್ತಿ, ಮೇಜಿನಿಂದ ಜಾರಿ, ಹನಿರಾಯನ ಮೊಣಕಾಲಿನವರೆಗೆ ಬಂತು. ಅವನು ಯಂತ್ರ ನಿಲ್ಲಿಸಿದ, ನೊರೆ ನಿಲ್ಲಲಿಲ್ಲ. ಎರಡೂ ಕೈಯಲ್ಲಿ ಅದನ್ನು ಬಕೆಟ್ಟಿಗೆ ದಬ್ಬತೊಡಗಿದ. ದಬ್ಬಿದಷ್ಟೂ ಅದು ಮೈಮೇಲೆ ಬಂತು.

"ಇದೇನ್ರೀ, ಇಡೀ ಊರಿನ ಬಟ್ಟೆ ಒಗೀತಾ ಇದೀರಾ?"

ಗಾಜಕ್ಕ. ಗಾಜಿನ ಸಾಮಾನು ತೊಳೆಯುವುದು ಆಕೆಯ ಕೆಲಸ, ಎಲ್ಲರ ಮೇಲೆ ಕಣ್ಣಿಡುವುದು ಆಕೆಯ ಹವ್ಯಾಸ. ಪ್ರಯೋಗಾಲಯದ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಎರಡು ನಿಯಮ ಬರೆದಿತ್ತು. ಒಳಗೆ ಏನನ್ನೂ ತಿನ್ನಬಾರದು, ಕುಡಿಯಬಾರದು; ಜೆಲ್ ನೋಡುವ ತನಕ ಏನನ್ನೂ ಚೆಲ್ಲಬಾರದು. ಬರೆಸಿದವರು ಮೇಡಂ, ಕಾಯುತ್ತಿದ್ದವರು ಗಾಜಕ್ಕ. ಕಳೆದ ತಿಂಗಳು ಬಾಯಲ್ಲಿ ಲವಂಗ ಇಟ್ಟುಕೊಂಡು ಒಳಗೆ ಬಂದ ಲೈಟಿನ ರಿಪೇರಿಯವನನ್ನು ಏಣಿಯ ಸಮೇತ ಹೊರಗೆ ಹಾಕಿದ್ದರು.

"ಪಂಪು ಸ್ವಲ್ಪ ಗಾಳಿ ಹೊಡೀತು ಅಕ್ಕ," ಎಂದ ಹನಿರಾಯ. ಕೋಟಿನೊಳಗೆ ಡಬ್ಬ ಜಾರಿತು. ಹೊಟ್ಟೆ ಹಿಡಿದುಕೊಂಡ.

"ಹೊಟ್ಟೆ ಯಾಕೆ ಹಿಡ್ಕೊಂಡ್ರಿ?"

"ಉರೀತಿದೆ ಅಕ್ಕ."

"ಅದು ನಂಗೊತ್ತು," ಎಂದು ಗಾಜಕ್ಕ ಷಡ್ಡಕನ ಮೇಜಿನ ಕಡೆ ಒಮ್ಮೆ ನೋಡಿ, ಒರೆಸುವ ಬಟ್ಟೆ ಎಸೆದು ಹೋದರು.

ಖಾಲಿ ಡಬ್ಬವನ್ನು ಹನಿರಾಯ ಡ್ರಾಯರಿನಲ್ಲಿ ಇದ್ದಂತೆಯೇ ಇಟ್ಟ. ಹನ್ನೊಂದು ಗಂಟೆಗೆ ಷಡ್ಡಕ ಡ್ರಾಯರು ಎಳೆದ. ಡಬ್ಬ ಅಲ್ಲಾಡಿಸಿದ. ಮುಚ್ಚಳ ತೆಗೆದು ಒಳಗೆ ಮೂಗಿಟ್ಟ. ಅವನ ಅಗಲದ ಭುಜ ಎರಡು ಅಂಗುಲ ಇಳಿಯಿತು. ಆ ನೋಟಕ್ಕೆ ಹನಿರಾಯನ ಎದೆ ತಂಪಾಯಿತು.

"ಏನಪ್ಪಾ, ಏನೋ ಕಳಕೊಂಡ ಹಾಗಿದೆ?"

"ಏನಿಲ್ಲ ಭಾವ." ಷಡ್ಡಕ ಗಾಜಕ್ಕನಿದ್ದ ಕಡೆ ಹೆದರಿ ನೋಡಿದ. "ಯಾಕೋ... ಸುಸ್ತು."

'ಇನ್ನೂ ಆಗತ್ತೆ ತಾಳು,' ಎಂದು ಹನಿರಾಯ ಬಗ್ಗಡವನ್ನು ಸೋಸಿ ಕಾಲಂಗೆ ಏರಿಸಿದ.

ಮಧ್ಯಾಹ್ನ ಉಪ್ಪುನೀರು ಬಿಟ್ಟಾಗ ನಿಜವಾದ ಪವಾಡ ಶುರುವಾಯಿತು. ಪ್ರೋಟೀನು ಇಳಿದಂತೆ ಯಂತ್ರ ಪರದೆಯ ಮೇಲೆ ಗುಡ್ಡ ಬರೆಯುತ್ತದೆ. ಪ್ರೋಟೀನು ಹೆಚ್ಚಿದ್ದರೆ ಗುಡ್ಡ ಎತ್ತರ. ಮೊದಲು ಒಂದು ಪುಟ್ಟ ಗುಡ್ಡ ಬಂತು. ಪಕ್ಕದಲ್ಲಿ ಷಡ್ಡಕನ ಪರದೆಯ ಮೇಲೂ ಅಂಥದೇ ಪುಟ್ಟ ಗುಡ್ಡ. ಇಷ್ಟೆಲ್ಲ ಮಾಡಿ ಸರಿಸಮವೇ? ಉಪ್ಪು ಇನ್ನೂ ಏರಿತು. ಕೊನೆಯಲ್ಲಿ, ಇನ್ನೇನು ಮುಗಿಯಿತು ಎನ್ನುವಾಗ, ಗೆರೆ ನೆಟ್ಟಗೆ ಮೇಲೆದ್ದಿತು. ಏರಿತು, ಏರಿತು, ಪರದೆಯ ನೆತ್ತಿ ಮುಟ್ಟಿ ಅಲ್ಲೇ ಚಪ್ಪಟೆಯಾಗಿ ಹರಿಯಿತು. ಹದಿನಾಲ್ಕು ವರ್ಷದಲ್ಲಿ ಅಂಥ ಪರ್ವತ ಅವನು ಕಂಡಿರಲಿಲ್ಲ. ಷಡ್ಡಕನ ಪರದೆ ಅಂಗೈಯಂತೆ ಸಪಾಟಾಗಿತ್ತು.

ಪರ್ವತದ ನಳಿಕೆಗಳನ್ನು ಹನಿರಾಯ ಹಸುಗೂಸಿನಂತೆ ಎತ್ತಿ ಮಂಜುಗಡ್ಡೆಯಲ್ಲಿ ಮಲಗಿಸಿದ. ಪುಟ್ಟ ಗುಡ್ಡದ ನಳಿಕೆಗಳನ್ನು ಒಂದು ಫ್ಲಾಸ್ಕಿಗೆ ಸುರಿದ. ಅದಕ್ಕೆ ಲೇಬಲ್ ಅಂಟಿಸುವ ಗೋಜಿಗೂ ಹೋಗಲಿಲ್ಲ. ಪರ್ವತ ಇದ್ದವನಿಗೆ ಗುಡ್ಡ ಯಾಕೆ?

"ಅಕ್ಕ, ಇದನ್ನ ಚೆಲ್ಲಿಬಿಡಿ."

ಗಾಜಕ್ಕ ನಿಂತಲ್ಲೇ ನಿಂತರು. "ಜೆಲ್ ನೋಡಿದ್ರಾ?"

"ಅದಕ್ಕೇನು, ನಂಗೆ ಕಣ್ಣಳತೆ ಸಾಕು."

"ನೀವಾ? ಹದಿನಾಲ್ಕು ವರ್ಷದಲ್ಲಿ ಕೈ ತೊಳೆದ ನೀರನ್ನೂ ಲೇಬಲ್ ಹಾಕಿ ಇಟ್ಕೊಂಡೋರು ನೀವು." ಗಾಜಕ್ಕ ಫ್ಲಾಸ್ಕನ್ನು ನೋಡಿದರು, ಅವನ ಮುಖ ನೋಡಿದರು, ಷಡ್ಡಕನ ಮೇಜು ನೋಡಿದರು. "ಹೂಂ, ಹೂಂ. ಗೊತ್ತಾಯ್ತು ಬಿಡಿ," ಎಂದು ಫ್ಲಾಸ್ಕನ್ನು ಸೆರಗಿನ ಮರೆಯಲ್ಲಿ ಇಟ್ಟುಕೊಂಡು ಹೋದರು.

ಸಂಜೆ ಐದಕ್ಕೆ ಎಲ್ಲರೂ ಹೊಸ ಕೋಣೆಯಲ್ಲಿ ಸೇರಿದರು. ಸ್ಟೋರಿನವರು ಸ್ಟೋರಿಗೆ ಬೀಗ ಹಾಕಿಕೊಂಡೇ ಬಂದಿದ್ದರು. ನೀಲಿ ಬಣ್ಣ ಹಾಕಿದ ಜೆಲ್ಲನ್ನು ಮೇಡಂ ಬೆಳಕಿನ ಪೆಟ್ಟಿಗೆಯ ಮೇಲೆ ಹಾಸಿದರು. ಜೆಲ್ ಸುಳ್ಳು ಹೇಳುವುದಿಲ್ಲ. ಮಾದರಿಯಲ್ಲಿ ಎಷ್ಟು ಬಗೆಯ ಪ್ರೋಟೀನಿದೆಯೋ ಅಷ್ಟು ನೀಲಿ ಗೆರೆ ಅದರ ಮೇಲೆ ಮೂಡುತ್ತವೆ. ಒಂದೇ ಗೆರೆ ಬಂದರೆ ಅದೇ ಶುದ್ಧ.

ಷಡ್ಡಕನ ಸಾಲಿನಲ್ಲಿ ಒಂದು ದಪ್ಪ ಗೆರೆ, ಅದರ ಆಚೀಚೆ ಧೂಳಿನಂಥ ಎರಡು ತೆಳು ಗೆರೆ.

ಹನಿರಾಯನ ಸಾಲಿನಲ್ಲಿ ಒಂದೇ ಗೆರೆ. ಕೂದಲೆಳೆಯಷ್ಟೂ ಕಸವಿಲ್ಲದ, ಅಳತೆಪಟ್ಟಿ ಇಟ್ಟು ಎಳೆದಂಥ, ರಾಜಮುದ್ರೆಯಂಥ ಒಂದೇ ಗೆರೆ.

"ಅಬ್ಬಾ!" ಎಂದರು ಸ್ಟೋರಿನವರು. ಯಾರೋ ಚಪ್ಪಾಳೆ ಹೊಡೆದರು. ಹನಿರಾಯ ಯಾರಿಗೂ ಕಾಯದೆ ಹೋಗಿ ಚಕ್ರದ ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿದ. ಕುರ್ಚಿ ಕಿರುಗುಟ್ಟಲೂ ಇಲ್ಲ. ಜೇಬಿನೊಳಗೇ ಫೋನ್ ಒತ್ತಿ ಹೆಂಡತಿಗೆ, "ಗೆದ್ದೆ ಕಣೇ," ಎಂದು ಪಿಸುಗುಟ್ಟಿದ. ಆ ಕಡೆಯಿಂದ ಅವಳು, "ಇರಿ, ಈಗ್ಲೇ ತಂಗಿಗೆ ಹೇಳ್ತೀನಿ," ಎಂದು ಫೋನ್ ಇಟ್ಟೇಬಿಟ್ಟಳು.

ಮೇಡಂ ಮಾತ್ರ ಜೆಲ್ ಮೇಲೆ ಬಾಗಿಯೇ ಇದ್ದರು.

"ಇಷ್ಟು ಚೊಕ್ಕ ಗೆರೆ ನಾನು ಪುಸ್ತಕದಲ್ಲೂ ನೋಡಿಲ್ಲ," ಎಂದರು. ಹನಿರಾಯ ಇನ್ನರ್ಧ ಸುತ್ತು ತಿರುಗಿದ. "ಆದ್ರೆ ಇದು ಇಲ್ಯಾಕಿದೆ? ನಮ್ಮ ಪ್ರೋಟೀನು ದೊಡ್ಡದು, ಜೆಲ್ಲಿನ ನಡುವಿನಲ್ಲೇ ನಿಲ್ಲಬೇಕು. ಇದು ಚಿಕ್ಕದು, ಓಡಿಹೋಗಿ ತಳದಲ್ಲಿ ಕೂತಿದೆ."

ಕುರ್ಚಿ ನಿಂತಿತು.

ಮೇಡಂ ಮೊಸರುನೀರಿನಂತೆ ಕದಡಿದ ಬ್ಯಾಕ್ಟೀರಿಯಾದ ನಳಿಕೆಯೊಂದನ್ನು ತರಿಸಿದರು. ಅದಕ್ಕೆ ಹನಿರಾಯನ ಶುದ್ಧ ಪ್ರೋಟೀನಿನ ಒಂದು ಹನಿ ಬಿಟ್ಟರು. ಎಲ್ಲರ ಕಣ್ಣೆದುರೇ ನಳಿಕೆ ಕೊಳದ ನೀರಿನಂತೆ ತಿಳಿಯಾಯಿತು. ಬ್ಯಾಕ್ಟೀರಿಯಾದ ಗೋಡೆಗಳೆಲ್ಲ ಕರಗಿಹೋಗಿದ್ದವು.

"ಅಂದ್ಕೊಂಡೆ. ಲೈಸೋಜೈಮ್!" ಎಂದರು ಮೇಡಂ. "ಇದು ಕೋಳಿಮೊಟ್ಟೆಯ ಬಿಳಿಯಲ್ಲಿರೋ ಪ್ರೋಟೀನು. ನಮ್ಮ ತೊಟ್ಟೀಲಿ ಕೋಳಿ ಎಲ್ಲಿಂದ ಬಂತು?"

ಷಡ್ಡಕ ಮೆಲ್ಲನೆ ತಲೆಯೆತ್ತಿದ. ಭುಜ ಬೆಳೆಸಲು ಅವನು ದಿನಕ್ಕೆ ಎರಡು ಸಲ ಕದ್ದು ಕುಡಿಯುತ್ತಿದ್ದ ಮೊಟ್ಟೆಪುಡಿಯ ಡಬ್ಬ ಹೇಗೆ ಖಾಲಿಯಾಯಿತೆಂದು ಅವನಿಗೆ ಆಗ ಹೊಳೆಯಿತು. ಷಡ್ಡಕ ಬಾಯಿ ಒರೆಸಿಕೊಂಡದ್ದು ಯಾಕೆಂದು ಹನಿರಾಯನಿಗೂ ಆಗ ಹೊಳೆಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. 'ಒಳಗೆ ಕುಡೀತಿದ್ದಾನೆ ಮೇಡಂ' ಎಂದರೆ 'ನೀವು ಕದ್ದು ಬಗ್ಗಡಕ್ಕೆ ಹಾಕಿದ್ರಾ?' ಎಂಬ ಪ್ರಶ್ನೆ ಬರುತ್ತದೆ. 'ಡಬ್ಬ ಕದ್ದಿದ್ದಾರೆ ಮೇಡಂ' ಎಂದರೆ 'ಡಬ್ಬ ಇಲ್ಲಿಗೆ ಬಂದದ್ದು ಹೇಗೆ?' ಎಂಬ ಪ್ರಶ್ನೆ ಬರುತ್ತದೆ. ಇಬ್ಬರ ಬಾಯಿಗೂ ಒಂದೇ ಬೀಗ ಬಿತ್ತು.

"ಭಾವ ಬೆಳಿಗ್ಗೆ ಮೊಟ್ಟೆ ತಿಂದು ಕೈ ತೊಳೆಯೋದು ಮರೆತಿರಬೇಕು," ಎಂದ ಷಡ್ಡಕ ಕೊನೆಗೆ.

"ಇಷ್ಟು ಬರಬೇಕಾದ್ರೆ ಮೊಟ್ಟೇಲಿ ಸ್ನಾನ ಮಾಡಿರಬೇಕು!" ಎಂದರು ಮೇಡಂ. "ಸರಿ, ನಮ್ಮ ಪ್ರೋಟೀನಿನ ಪುಟ್ಟ ಗುಡ್ಡ ಬಂದಿರುತ್ತಲ್ಲ, ಅದೆಲ್ಲಿ?"

"ಅದು... ಚೆಲ್ಲಿದೆ ಮೇಡಂ."

ಮೇಡಂ ತೆರೆದ ಬಾಗಿಲಾಚೆ ಗೋಡೆಯ ಮೇಲಿನ ಕೆಂಪಕ್ಷರ ನೋಡಿದರು. ಬೈದಿದ್ದರೆ ವಾಸಿಯಿತ್ತು. ಷಡ್ಡಕನ ಕಡೆ ತಿರುಗಿ, "ನಿಮ್ಮದು ನೋಡಿ, ಇಪ್ಪತ್ತು ಲೀಟರಿಗೆ ನಾನು ಅಂದ್ಕೊಂಡದ್ದರ ಎರಡರಷ್ಟು ಬಂದಿದೆ. ಹೇಗ್ರೀ ಮಾಡಿದ್ರಿ?" ಎಂದು ಬೀಗದ ಕೈ ಅವನ ಅಂಗೈಗಿಟ್ಟರು.

"ನಂಗೂ ಆಶ್ಚರ್ಯ ಮೇಡಂ. ಒಂದು ಫ್ಲಾಸ್ಕು ತುಂಬಿಸಿ ಊಟಕ್ಕೆ ಹೋದೆ, ಬಂದು ನೋಡಿದ್ರೆ ಎರಡಾಗಿತ್ತು. ಎರಡೂ ಮಂಜುಗಡ್ಡೇಲೇ ಇತ್ತು. ಮೊದಲೇ ತಲೆ ಸುತ್ತುತ್ತಿತ್ತು, ನಾನೇ ತುಂಬಿಸಿ ಮರೆತೆನೇನೋ ಅಂತ ಸೇರಿಸಿಬಿಟ್ಟೆ."

ಹನಿರಾಯನ ತಲೆಯಲ್ಲಿ ಟಿಣ್ ಎಂದಿತು. ಅಷ್ಟರಲ್ಲಿ ಗಾಜಕ್ಕ ಬಂದು ಅವನ ಕಿವಿಯ ಹತ್ತಿರ ಬಾಗಿದರು.

"ಹೆದರಬೇಡಿ, ಯಾರಿಗೂ ಹೇಳಲ್ಲ. ಸ್ವಂತದ್ದನ್ನ ಜೆಲ್ ನೋಡದೆ ಚೆಲ್ಲೋ ಪೈಕಿ ಅಲ್ಲ ನೀವು. ಹೊಟ್ಟೆಕಿಚ್ಚಿಗೆ ಷಡ್ಡಕಂದು ಎತ್ತಿ ಚೆಲ್ಲೋಕೆ ಕೊಟ್ರಿ ಅಂತ ಆಗ್ಲೇ ಗೊತ್ತಾಯ್ತು. ಎರಡು ಮನೆ ಮಾನ ಹೋಗಬಾರದು ಅಂತ ತಗೊಂಡ್ಹೋಗಿ ಅವರ ಮೇಜಿನ ಮಂಜುಗಡ್ಡೇಲೇ ಇಟ್ಟೆ. ನಿಮ್ಮನ್ನ ಉಳಿಸಿದೀನಿ, ಇನ್ನಾದ್ರೂ ಒಳ್ಳೆ ಬುದ್ಧಿ ಕಲೀರಿ."

ಹನಿರಾಯ ಕುರ್ಚಿಯ ಎರಡೂ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನಿಮ್ಮನ್ನೂ ಬಿಡಲ್ಲ ನಾನು," ಎಂದರು ಮೇಡಂ, ಈಗ ನಗುತ್ತ. "ಈ ದೊಡ್ಡ ಕಾಲಂಗೆ ಬೇಕಾದಷ್ಟು ಬ್ಯಾಕ್ಟೀರಿಯಾ ಒಡೆಯೋಕೆ ನಮ್ಮ ಯಂತ್ರ ಸಾಲಲ್ಲ. ಲೈಸೋಜೈಮೇ ಬೇಕು, ಅದೂ ಸೇರುಗಟ್ಟಲೆ. ಅದನ್ನ ನಿಮ್ಮಷ್ಟು ಚೊಕ್ಕವಾಗಿ ಮಾಡೋರು ಯಾರಿದ್ದಾರೆ? ನಾಳೆಯಿಂದ ದಿನಾ ಮುನ್ನೂರು ಮೊಟ್ಟೆ ಬರುತ್ತೆ. ತೊಳೆಯೋ ಮನೆ ಪಕ್ಕದ ಕೋಣೇಲಿ ಕೂತು ಒಡೀರಿ, ಬಿಳಿ ಬೇರೆ ಮಾಡಿ, ಶುದ್ಧ ಮಾಡಿ, ಬೆಳಿಗ್ಗೆ ಹತ್ತಕ್ಕೆ ಇವರ ಕೈಗೆ ತಲುಪಿಸಿ. ಹಾಂ, ಆ ಕುರ್ಚಿಯಿಂದ ಸ್ವಲ್ಪ ಏಳ್ತೀರಾ?"

ಹನಿರಾಯ ಎದ್ದ. ಷಡ್ಡಕ ಕೂತ. ಕುರ್ಚಿ ಅವನ ಭುಜಕ್ಕೆ ಅಳತೆ ಕೊಟ್ಟು ಮಾಡಿಸಿದಂತಿತ್ತು.

ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. "ರೀ, ತಂಗಿಗೆ ಹೇಳಿದೆ! ಅವಳ ಮುಖ ಹೇಗಾಗಿರುತ್ತೋ! ಇವತ್ತು ಸಂಜೆ ಅವರ ಮನೆಗೇ ಹೋಗೋಣ, ಕುರ್ಚಿ ವಿಷಯ ನೀವೇ ಬಾಯಿಬಿಟ್ಟು ಹೇಳ್ಬೇಕು," ಎಂದಳು ಹೆಂಡತಿ. ಹನಿರಾಯ ಮೂರು ಕಾಲಿನ ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡು ತೊಳೆಯುವ ಮನೆಯ ಕಡೆ ಹೊರಟ.

ಹಿಂದಿನಿಂದ ಚಕ್ರ ಉರುಳಿದ ಸದ್ದಾಯಿತು. ಷಡ್ಡಕ ಕುರ್ಚಿಯಿಂದ ಏಳದೆ, ಕಾಲಲ್ಲಿ ನೆಲ ತಳ್ಳಿಕೊಂಡೇ ಬಾಗಿಲವರೆಗೆ ಬಂದಿದ್ದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಭಾವ, ಮೊಟ್ಟೆ ಬಿಳಿಯಲ್ಲಿ ಲೈಸೋಜೈಮ್ ಮಾತ್ರ ತಾನೇ ಕಾಲಂಗೆ ಅಂಟಿಕೊಳ್ಳೋದು? ಅಂಟದೆ ಕೆಳಗೆ ಹರಿದು ಬರುತ್ತಲ್ಲ ಉಳಿದದ್ದೆಲ್ಲ, ಅದನ್ನ ದಯವಿಟ್ಟು ಚೆಲ್ಲಬೇಡಿ. ದಿನಾ ಎರಡು ಲೋಟ ನಂಗೆ ಎತ್ತಿಡಿ. ನನ್ನ ಡಬ್ಬ ಖಾಲಿಯಾಗಿದೆ ನೋಡಿ."